ಪೈಪಿನ ಬಾಯಿ ಒತ್ತಿದರೆ ನೀರು ಹೆಚ್ಚು ಬರುತ್ತದೆಯೇ?

ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ನಮ್ಮ ಕೈತೋಟದ ಹಸಿರು ಪೈಪು. “ಇದರಾಗ ಏನ್ ವಿಜ್ಞಾನ ಅದ?” ಅಂತ ಕೆಲವರು ನಕ್ಕರು. ಆದರೆ ಕಂಪೌಂಡಿನ ಕಡೆಯ ಸಾಲಿನ 22 ಸಸಿಗಳು ನಮ್ಮ ದೇವಸುಗೂರಿನ ಈ ಬಿಸಿಲಿಗೆ ಬಾಡುತ್ತಿವೆ, ನಳದ ಹತ್ತಿರದ ಸಾಲು ಮಾತ್ರ ಹಸಿರಾಗಿದೆ. ಹತ್ತಿರದ ಸಾಲು 8ನೇ ತರಗತಿಯವರದು, ಕಡೆಯ ಸಾಲು ನಮ್ಮ 9ನೇ ತರಗತಿಯವರದು. ನೀವು ಸರಿಯಾಗಿ ನೀರು ಹಾಕೋದಿಲ್ಲ ಅಂತ ಅವರು, ನೀರೆಲ್ಲ ನೀವೇ ಖಾಲಿ ಮಾಡ್ತೀರಿ ಅಂತ ನಾವು, ದಿನಾ ಜಗಳ. ಕೊನೆಗೆ ನಾವು ಮೂವರು ಒಂದು ಬಕೆಟ್ಟು, ಒಂದು ಗಡಿಯಾರ ಹಿಡಿದುಕೊಂಡು ಲೆಕ್ಕಕ್ಕೆ ಕುಳಿತೆವು.

ಮೊದಲು ಒತ್ತಡದ ಮಾತು. ನಮ್ಮ ಪೈಪಿನ ನೀರಿಗೆ ಒತ್ತಡ ಕೊಡುವುದು ಪಂಪು ಅಲ್ಲ. ಪಂಪು ನೀರನ್ನು ಮಾಳಿಗೆ ಮೇಲಿನ ಟಾಕಿಗೆ ಏರಿಸಿ ಸುಮ್ಮನಾಗುತ್ತದೆ. ಆಮೇಲೆ ಕೆಲಸ ಮಾಡುವುದು ಎತ್ತರ. 10 ಮೀಟರ್ ಎತ್ತರದ ನೀರು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 1 ಕಿಲೋಗ್ರಾಂ ಭಾರ ಹಾಕುತ್ತದೆ. ಟಾಕಿ ತುಂಬಿದಾಗ ನಮ್ಮ ನೀರಿನ ಮಟ್ಟ ನೆಲದಿಂದ 13 ಅಡಿ, ಅಂದರೆ ಸುಮಾರು 4 ಮೀಟರ್. ಆದ್ದರಿಂದ ನಮಗೆ ಸಿಗುವುದು ಹೆಚ್ಚೆಂದರೆ 400 ಗ್ರಾಂ. ಟಾಕಿ ಎಷ್ಟು ಅಗಲ ಇದ್ದರೂ, ಎಷ್ಟು ಲೀಟರ್ ಹಿಡಿದರೂ ಒತ್ತಡಕ್ಕೆ ಲೆಕ್ಕಕ್ಕಿಲ್ಲ. ಊರಿನ ಕುಡಿಯುವ ನೀರಿನ ಟಾಕಿಯನ್ನು ಎತ್ತರದ ಕಂಬಗಳ ಮೇಲೆ ಕಟ್ಟುವುದು ಇದೇ ಕಾರಣಕ್ಕೆ.

ಈಗ ಹರಿವು. ನಮ್ಮದು ಅರ್ಧ ಇಂಚಿನ ಪೈಪು, 30 ಮೀಟರ್ ಉದ್ದ. ಅದರಿಂದ 15 ಲೀಟರಿನ ಬಕೆಟ್ಟು ತುಂಬಲು 2 ನಿಮಿಷ 5 ಸೆಕೆಂಡು ಬೇಕಾಯಿತು. ಹತ್ತಿರದ ಸಾಲಿಗೆ 15 ಮೀಟರಿನ ತುಂಡು ಸಾಕು. ಅದರಲ್ಲಿ ಅದೇ ಬಕೆಟ್ಟು 1 ನಿಮಿಷ 28 ಸೆಕೆಂಡಿಗೆ ತುಂಬಿತು. ನಳ ಅದೇ, ಟಾಕಿ ಅದೇ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು, ಮೇಲಿನವರು ನೀರು ಎಳೆದುಕೊಳ್ಳುತ್ತಾರೆ ಅಂತ ದೂರುವುದನ್ನು ಕೇಳಿದ್ದೇವೆ. ಆದರೆ ನಮ್ಮ ಪೈಪಿಗೆ ನಡುವೆ ತೂಬಿಲ್ಲ, ತೂತಿಲ್ಲ. ಇಲ್ಲಿ ಕಳೆದುಹೋಗುತ್ತಿರುವುದು ನೀರಲ್ಲ, ಒತ್ತಡ. ನೀರು ಪೈಪಿನ ಗೋಡೆಗೆ ತಿಕ್ಕುತ್ತಾ ಹೋಗಬೇಕು. ಉದ್ದ ಹೆಚ್ಚಿದಷ್ಟು ತಿಕ್ಕಾಟ ಹೆಚ್ಚು.

ಇನ್ನು ಹೆಬ್ಬೆಟ್ಟಿನ ಸಂಗತಿ. ಪೈಪಿನ ಬಾಯಿಯನ್ನು ಹೆಬ್ಬೆಟ್ಟಿನಿಂದ ಒತ್ತಿದರೆ ನೀರು ಚಿಮ್ಮಿ ದೂರ ಬೀಳುತ್ತದೆ. ಎಲ್ಲರೂ “ಫೋರ್ಸ್ ಬಂತು, ನೀರು ಜಾಸ್ತಿ ಬಂತು” ಅನ್ನುತ್ತಾರೆ. ನಾವು ಬಾಯಿಯ ಮುಕ್ಕಾಲು ಭಾಗ ಮುಚ್ಚಿ ಬಕೆಟ್ಟಿಗೆ ಬಿಟ್ಟೆವು. 2 ನಿಮಿಷ 15 ಸೆಕೆಂಡು. ಸಣ್ಣ ಸೀಳು ಮಾತ್ರ ಉಳಿಯುವ ಹಾಗೆ ಒತ್ತಿದಾಗ ನೀರು 12–13 ಅಡಿ ಹಾರಿತು, ಬಕೆಟ್ಟು ತುಂಬಲು ಮಾತ್ರ 2 ನಿಮಿಷ 50 ಸೆಕೆಂಡು ಹಿಡಿಯಿತು! ದೂರ ಹೋದ ನೀರು ಹೆಚ್ಚಿನ ನೀರಲ್ಲ, ಕಡಿಮೆ ನೀರು.

ಹಾಗಾದರೆ ವೇಗ ಎಲ್ಲಿಂದ ಬಂತು? ಬಾಯಿ ಸಣ್ಣದಾದರೆ ವೇಗ ಹೆಚ್ಚುತ್ತದೆ ಎಂದು ಹೇಳಿ ಮುಗಿಸಿದರೆ ಸಾಲದು. ಒಂದು ಖಾಲಿ ಎಣ್ಣೆ ಡಬ್ಬಿಗೆ ಒಂದೇ ಎತ್ತರದಲ್ಲಿ ಎರಡು ತೂತು ಹೊಡೆಯಿರಿ, ಒಂದು ಸಣ್ಣ ಮೊಳೆಯಿಂದ, ಇನ್ನೊಂದು ದಪ್ಪ ಮೊಳೆಯಿಂದ. ನೀರು ತುಂಬಿ ನೋಡಿರಿ. ಎರಡೂ ಧಾರೆ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬೀಳುತ್ತವೆ. ತೂತಿನಿಂದ ಬರುವ ನೀರಿನ ವೇಗ ಮೇಲಿರುವ ನೀರಿನ ಎತ್ತರಕ್ಕೆ ತಕ್ಕಂತೆ ಇರುತ್ತದೆ ಎಂದು ಇಟಲಿಯ ಟಾರಿಸೆಲ್ಲಿ 1644ರಲ್ಲೇ ಬರೆದಿದ್ದಾನೆ. ಅಂದಮೇಲೆ ಹೆಬ್ಬೆಟ್ಟಿನ ಆಟ ಡಬ್ಬಿಯಲ್ಲಿ ನಡೆಯುವುದಿಲ್ಲ, ಉದ್ದನೆಯ ಪೈಪಿನಲ್ಲಿ ಮಾತ್ರ ನಡೆಯುತ್ತದೆ.

ಕಾರಣ ಹೀಗಿದೆ. ಬಾಯಿ ಪೂರ್ತಿ ತೆರೆದಿದ್ದಾಗ ನಮ್ಮ ನೀರು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಹೊರಬರುತ್ತದೆ. ಈ ವೇಗಕ್ಕೆ ಕೇವಲ 2 ಇಂಚು ಎತ್ತರದ ನೀರು ಸಾಕು. 13 ಅಡಿಯಲ್ಲಿ ಉಳಿದದ್ದೆಲ್ಲವನ್ನೂ ದಾರಿಯ ತಿಕ್ಕಾಟವೇ ನುಂಗಿತು! ಬಾಯಿ ಒತ್ತಿದಾಗ ಪೈಪಿನೊಳಗಿನ ನೀರು ನಿಧಾನವಾಗುತ್ತದೆ, ತಿಕ್ಕಾಟ ಇಳಿಯುತ್ತದೆ, ಉಳಿದ ಒತ್ತಡ ಬಾಯಿಯ ತನಕ ಬಂದು ಅಲ್ಲಿ ವೇಗವಾಗುತ್ತದೆ. ಪೂರ್ತಿ ಮುಚ್ಚಿದರೆ ಇಡೀ 13 ಅಡಿಯ ಒತ್ತಡ ನಿಮ್ಮ ಹೆಬ್ಬೆಟ್ಟಿಗೇ ತಾಕುತ್ತದೆ, ಆದರೆ ನೀರು ಸೊನ್ನೆ. ಒತ್ತಡಕ್ಕೂ ವೇಗಕ್ಕೂ ಇರುವ ಈ ಸಂಬಂಧವನ್ನು ಡೇನಿಯಲ್ ಬರ್ನೌಲಿ 1738ರ ತನ್ನ ಪುಸ್ತಕದಲ್ಲಿ ವಿವರಿಸಿದನು. ಒತ್ತಡವನ್ನು ವೇಗ ಮಾಡುವುದು ನಮ್ಮ ಪಕ್ಕದ ಶಕ್ತಿನಗರದಲ್ಲೂ ನಡೆಯುತ್ತದೆ. 1985ರಲ್ಲಿ ಶುರುವಾದ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ನೀರನ್ನು ಉಗಿ ಮಾಡಿ, ಆ ಉಗಿಯನ್ನು ಇಕ್ಕಟ್ಟಾದ ದಾರಿಯಲ್ಲಿ ನುಗ್ಗಿಸಿ ಟರ್ಬೈನ್ ತಿರುಗಿಸುತ್ತಾರೆ. ಅಲ್ಲಿ ವೇಗವೇ ಬೇಕು. ನಮ್ಮ ಕರಿಬೇವಿಗೆ, ಬೇವಿಗೆ ಬೇಕಾದದ್ದು ಲೀಟರು. ಅದೂ ಅಲ್ಲದೆ ರಭಸದ ಧಾರೆ ಬುಡದ ಮಣ್ಣು ಕೊಚ್ಚಿ ಬೇರು ತೋರಿಸುತ್ತದೆ. ನಮ್ಮ ಸಾಲಿನಲ್ಲಿ ಮೂರು ಸಸಿಗಳಿಗೆ ಹಾಗೇ ಆಗಿದೆ, ಬಂದು ನೋಡಿರಿ.

ಹನಿ ನೀರಾವರಿ ಮಾಡಬಾರದೇ ಎಂದು ಟೀಚರ್ ಕೇಳಿದರು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹನಿ ಬಿಲ್ಲೆಗಳು ಗಂಟೆಗೆ 4 ಲೀಟರ್ ಕೊಡಬೇಕಾದರೆ ಸುಮಾರು 10 ಮೀಟರ್ ಎತ್ತರದ ಒತ್ತಡ ಬೇಕು. ನಮ್ಮ 4 ಮೀಟರಿಗೆ ಅಷ್ಟು ಬರುವುದಿಲ್ಲ.

ಈಗ ಜಗಳದ ಲೆಕ್ಕಕ್ಕೆ ಬರೋಣ. ಪ್ರತಿ ತರಗತಿಗೆ ಸಿಗುವುದು ಅರ್ಧ ಗಂಟೆ. ಒಂದು ಸಸಿಗೆ ಒಂದು ಬಕೆಟ್ಟು ಎಂದರೆ ನಮ್ಮ ಪೈಪಿನಲ್ಲಿ 14 ಸಸಿಗೆ ಮಾತ್ರ ಆಗುತ್ತದೆ, 8 ಸಸಿ ಒಣಗೇ ಉಳಿಯುತ್ತವೆ. ಇದರ ಮೇಲೆ ನಮ್ಮದು ಎರಡನೇ ಪಾಳಿ. ಅಷ್ಟರಲ್ಲಿ ಟಾಕಿಯ ನೀರು ಇಳಿದಿರುತ್ತದೆ. ಮಟ್ಟ 1 ಮೀಟರ್ ಇಳಿದರೆ ಹರಿವು ಸುಮಾರು ಎಂಟನೇ ಒಂದು ಭಾಗ ಕಡಿಮೆಯಾಗುತ್ತದೆ. ಯಾರೂ ಸೋಮಾರಿಗಳಲ್ಲ, ಯಾರೂ ನೀರು ಕದ್ದಿಲ್ಲ.

ನಮ್ಮ ಕಾಕಾನ ಹೊಲದಿಂದ ಅಷ್ಟೇ ಉದ್ದದ ಮುಕ್ಕಾಲು ಇಂಚಿನ ಪೈಪು ತಂದು ಜೋಡಿಸಿ ನೋಡಿದೆವು. ಬಕೆಟ್ಟು 50 ಸೆಕೆಂಡಿಗೆ ತುಂಬಿತು! ದಪ್ಪ ಒಂದೂವರೆ ಪಟ್ಟು, ನೀರು ಎರಡೂವರೆ ಪಟ್ಟು. ಪೈಪು ದಪ್ಪವಾದರೆ ದಾರಿ ಅಗಲವಾಗುವುದಷ್ಟೇ ಅಲ್ಲ, ಗೋಡೆಗೆ ತಾಕದೆ ನಡುವೆ ಹರಿಯುವ ನೀರಿನ ಪಾಲೂ ಹೆಚ್ಚುತ್ತದೆ. ಇದರಲ್ಲಿ 22 ಸಸಿಗಳಿಗೆ 20 ನಿಮಿಷದೊಳಗೆ ನೀರಾಗುತ್ತದೆ.

ಮಳೆಗಾಲ ಬರೋ ತನಕ ಪೈಪು ಇಟ್ಕೊಳ್ರಿ ಎಂದು ಕಾಕಾ ಹೇಳಿದ್ದಾರೆ. ಹೆಡ್‌ಮಾಸ್ತರು ಒಪ್ಪಿದರೆ ಸೋಮವಾರದಿಂದ ಟಾಕಿ ತುಂಬಿದ ಕೂಡಲೇ ಮೊದಲ ಪಾಳಿ ಕಡೆಯ ಸಾಲಿಗೆ, ಎರಡನೆಯದು ಹತ್ತಿರದ ಸಾಲಿಗೆ ಇರಲಿ. ಹೆಬ್ಬೆಟ್ಟು ಹಚ್ಚದೆ, ಪೈಪಿನ ಬಾಯಿಯನ್ನು ಪಾತಿಯೊಳಗೆ ಮಲಗಿಸಿ ಬಿಡೋಣ. 8ನೇ ತರಗತಿಯವರಿಗೆ ನಮ್ಮ ಲೆಕ್ಕದ ಮೇಲೆ ಅನುಮಾನ ಇದ್ದರೆ ಅವರೇ ಬಕೆಟ್ಟು ಇಟ್ಟು ಎಣಿಸಲಿ, ಗಡಿಯಾರ ನಾವು ಕೊಡ್ತೇವೆ.