ಹಳೆಯ ಬೋರ್ಡು, ಹೊಸ ಕಳ್ಳ: ಆನ್‌ಲೈನ್ ಪೇಟೆಯಲ್ಲಿ ಕೊಳ್ಳುವವರಿಗೆ ಒಂದು ಪಾಠ



ಅಡಿಕೆಯ ಕೊಳೆರೋಗವನ್ನೂ ಕಾಫಿಯ ಕಾಂಡಕೊರಕವನ್ನೂ ಆರಂಭದಲ್ಲೇ ಗುರುತಿಸುವುದು ಹೇಗೆಂದು ಈ ಪುಟಗಳಲ್ಲಿ ಹಲವು ಸಲ ಚರ್ಚಿಸಿದ್ದೇವೆ. ಈ ಸಲದ ಪಾಠ ಮೊಬೈಲಿನೊಳಗಿನ ಪೇಟೆಗೆ ತಗಲುವ ಒಂದು ರೋಗವನ್ನು ಕುರಿತದ್ದು. ಇದನ್ನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ. ಮೋಸ ಹೋದವನು ನಿಮ್ಮ ಕಾರ್ಯದರ್ಶಿಯಾದ ನಾನೇ.

ಎರಡು ವರ್ಷಗಳ ಹಿಂದೆ ಮಗಳ ಮದುವೆಯ ಸಲುವಾಗಿ ಮನೆಮಂದಿಯೆಲ್ಲ ಬಾದಾಮಿಗೆ ಹೋಗಿ ಬನಶಂಕರಿಯ ದರ್ಶನ ಮಾಡಿ, ಹುನಗುಂದದ ಮೇಲೆ ಇಳಕಲ್ಲಿಗೆ ಹೋದೆವು. ಅಲ್ಲಿ ಒಬ್ಬ ನೇಕಾರರ ಅಂಗಡಿಯಲ್ಲಿ ಆರು ಸೀರೆ ಕೊಂಡೆವು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ರೀತಿಯನ್ನು ಆ ಹಿರಿಯರು ಮಗ್ಗದ ಮುಂದೆ ಕೂರಿಸಿಕೊಂಡು ತೋರಿಸಿದರು. ಅವರ ಮಗ ಆನ್‌ಲೈನ್ ಪೇಟೆಯೊಂದರಲ್ಲೂ ಅಂಗಡಿ ತೆರೆದಿದ್ದ. ಊರಿಗೆ ಬಂದ ಮೇಲೆ ಅದರ ಮೂಲಕ ಇನ್ನೆರಡು ಸೀರೆ ತರಿಸಿದೆವು. ಹೇಳಿದ ದಿನಕ್ಕೆ, ಹೇಳಿದ ಮಾಲೇ ಬಂತು.

ಕಳೆದ ಮೇ ತಿಂಗಳಲ್ಲಿ ಬೋರ್ಡೋ ಸಿಂಪಡಣೆಗೆಂದು ನಾನು ಕಾರ್ಬನ್ ಫೈಬರ್ ದೋಟಿ ಹುಡುಕುತ್ತಿದ್ದೆ. ಅದೇ ಇಳಕಲ್ಲಿನ ಅಂಗಡಿಯ ಹೆಸರಿನಲ್ಲಿ ಪೇಟೆಯ ಧಾರಣೆಯ ಅರ್ಧಕ್ಕೂ ಕಡಿಮೆ ಬೆಲೆಗೆ ದೋಟಿ ಕಾಣಿಸಿತು. ಪಕ್ಕದಲ್ಲೇ ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ಟು. ಪರಿಚಯದ ಜನ ಎಂಬ ಧೈರ್ಯದಿಂದ ವಿಚಾರಿಸಿದೆ. "ಇಲ್ಲಿ ಕಮಿಷನ್ ಹೋಗುತ್ತದೆ, ನೇರವಾಗಿ ಈ ನಂಬರಿಗೆ ಕಳುಹಿಸಿ" ಎಂಬ ಉತ್ತರ ಬಂತು. 28,000 ರೂಪಾಯಿ ಕಳುಹಿಸಿದೆ. ಹತ್ತು ದಿನವಾದರೂ ದೋಟಿ ಬರಲಿಲ್ಲ. ಕೊನೆಗೆ ಸೀರೆಯ ಹಳೆಯ ಬಿಲ್ಲು ಹುಡುಕಿ ಅದರಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಹಿರಿಯರು ಹೇಳಿದ್ದು ಇಷ್ಟು: "ಯಪ್ಪಾ, ನಮ್ಮಲ್ಲಿ ಸೀರಿ ಬಿಟ್ರ ಬ್ಯಾರೆ ಏನೂ ಸಿಗಂಗಿಲ್ರಿ. ನಮ್ಮ ಅಂಗಡಿ ಹೆಸರ ಯಾರೋ ಕದ್ದಾರ್ರಿ. ನೀವು ಹನ್ನೊಂದನೇದವರು ಫೋನ್ ಮಾಡಿದ್ದು."

ನಡೆದದ್ದೇನು? "ನಿಮ್ಮ ಖಾತೆ ಬಂದ್ ಆಗಲಿದೆ, ಇಲ್ಲಿ ಒತ್ತಿ" ಎಂಬ ಸಂದೇಶ ಅವರ ಮಗನಿಗೆ ಬಂದಿತ್ತು. ಆತ ಪಾಸ್‌ವರ್ಡನ್ನೂ ಓಟಿಪಿಯನ್ನೂ ತುಂಬಿಬಿಟ್ಟಿದ್ದ. ಕಳ್ಳನ ಕೈಗೆ ಅಂಗಡಿಯ ಬೀಗದ ಕೈಯೇ ಸಿಕ್ಕಂತಾಯಿತು. ಹೊಸ ಖಾತೆಯನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನೇ ಕದಿಯುತ್ತಾರೆ. ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. 2017ರಲ್ಲಿ ಅಮೇರಿಕದ ಅಮೆಜಾನ್ ಪೇಟೆಯಲ್ಲಿಯೂ ಮಾರಾಟಗಾರರ ಖಾತೆಗಳನ್ನು ಹೀಗೆಯೇ ವಶಪಡಿಸಿಕೊಂಡು, ಇಲ್ಲದ ಮಾಲನ್ನು ಅಗ್ಗದ ಬೆಲೆಗೆ ಪಟ್ಟಿ ಮಾಡಿದ್ದು ವರದಿಯಾಗಿತ್ತು. ಹಣ ಜಮೆಯಾಗುವ ಬ್ಯಾಂಕ್ ಖಾತೆಯನ್ನೂ ಕಳ್ಳರು ಬದಲಿಸಿದ್ದರು.

ನಾನು ಗಮನಿಸದೆ ಹೋದ ಲಕ್ಷಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಒಂದನೆಯದು, ಮಾಲಿನ ಬದಲಾವಣೆ. ಸೀರೆ ಮಾರುತ್ತಿದ್ದವರು ಒಮ್ಮೆಗೇ ದೋಟಿ, ಪಂಪ್‌ಸೆಟ್ಟು ಮಾರಲಾರರು. ಗ್ರಾಹಕರ ಹಳೆಯ ಅಭಿಪ್ರಾಯಗಳನ್ನು ಓದಿ ನೋಡಿ. ಹೊಗಳಿಕೆಯೆಲ್ಲ ಸೀರೆಗೆ ಸಂಬಂಧಿಸಿದ್ದಾದರೆ ಅದು ದೋಟಿಗೆ ಸಾಕ್ಷಿಯಾಗದು.

ಎರಡನೆಯದು, ಬಹುಕಾಲ ಸುಮ್ಮನಿದ್ದ ಖಾತೆಯಲ್ಲಿ ಒಂದೆರಡು ದಿನದೊಳಗೆ ಹತ್ತಾರು ಹೊಸ ಮಾಲು ಬರುವುದು.

ಮೂರನೆಯದು, ಬೆಲೆ. ಧಾರಣೆಗಿಂತ ಸ್ವಲ್ಪ ಕಡಿಮೆಯಾದರೆ ಅದು ವ್ಯಾಪಾರ. ಅರ್ಧಕ್ಕೆ ಇಳಿದರೆ ಕಾರಣ ಕೇಳಬೇಕು.

ನಾಲ್ಕನೆಯದು, ಚಿತ್ರ. ಕಂಪನಿಯ ಜಾಹೀರಾತಿನ ಚಿತ್ರವನ್ನೇ ಹಾಕಿರುತ್ತಾರೆ. "ಇಂದಿನ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ಒಂದು ಫೋಟೋ ಕಳುಹಿಸಿ" ಎಂದು ಕೇಳಿ. ಮಾಲು ಇದ್ದವರಿಗೆ ಇದು ಕಷ್ಟವಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪೇಟೆಯ ಹೊರಗೆ ಹಣ ಕೇಳುವುದು. ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಅದು ಅಂಗಡಿಯವರ ಹೆಸರಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ನನ್ನ ಪರದೆಯ ಮೇಲೆ ಬೇರೆ ಯಾರದೋ ಹೆಸರು ಬಂದಿತ್ತು. ನೋಡಿಯೂ ಒತ್ತಿದೆ.

ಆರನೆಯದು, ಅವಸರ. "ಇನ್ನೊಬ್ಬರು ಕೇಳುತ್ತಿದ್ದಾರೆ, ಸಂಜೆಯೊಳಗೆ ಹೇಳಿ" ಎಂದರೆ ಆ ಸಂಜೆ ಕಳೆಯಲು ಬಿಡಿ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಹಳೆಯ ಬಿಲ್ಲಿನ ನಂಬರಿಗೆ ಫೋನು ಮಾಡಿ. ಪಟ್ಟಿಯಲ್ಲಿರುವ ನಂಬರಿಗೆ ಮಾಡಿದರೆ ಕಳ್ಳನೇ ಎತ್ತುತ್ತಾನೆ. ಮೊದಲೇ ಒಂದು ಫೋನು ಮಾಡಿದ್ದರೆ ನನ್ನ ಹಣ ಉಳಿಯುತ್ತಿತ್ತು.

ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯವಿರುವುದರಿಂದ ಇಲ್ಲಿ ಗಂಟೆಗಳ ಲೆಕ್ಕ. ಕಾರ್ಯದರ್ಶಿಯೇ ಮೋಸ ಹೋದನೆಂದು ಜನ ನಗುತ್ತಾರೆಂಬ ನಾಚಿಕೆಯಿಂದ ನಾನು ಮತ್ತೆ ನಾಲ್ಕು ದಿನ ಸುಮ್ಮನಿದ್ದೆ. ಹಣ ಮರಳಿ ಬರಲಿಲ್ಲ. ಅನ್ಯರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು, ಅನ್ಯರ ವೇಷದಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಅರ್ಹವಾದ ಅಪರಾಧ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿಯೊಂದು ಆನ್‌ಲೈನ್ ಪೇಟೆಯೂ ದೂರು ವಿಚಾರಣೆಯ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು. ಅವರಿಗೂ ಬರೆಯಿರಿ, ಇಲ್ಲವಾದರೆ ಆ ಪಟ್ಟಿ ಇನ್ನೊಬ್ಬರನ್ನು ನುಂಗುತ್ತದೆ.

ನಮ್ಮಲ್ಲಿಯೂ ಕೆಲವರು ಕಾಫಿಪುಡಿ, ಕಾಳುಮೆಣಸು, ಜೇನನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ನೇಕಾರರಿಗೆ ಆದದ್ದು ನಮಗೂ ಆಗಬಹುದು. ಅಂಗಡಿಯ ಪಾಸ್‌ವರ್ಡು ಬೇರೆಲ್ಲೂ ಬಳಸದ್ದಾಗಿರಲಿ. ಎರಡು ಹಂತದ ಪರಿಶೀಲನೆಯ ವ್ಯವಸ್ಥೆಯನ್ನು ಚಾಲೂ ಮಾಡಿಕೊಳ್ಳಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ, ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ತೆರೆದ ಪುಟದಲ್ಲಿ ತುಂಬಲೂ ಬೇಡಿ. ಹಣ ಜಮೆಯಾಗುವ ಖಾತೆ ನಿಮ್ಮದೇ ಆಗಿದೆಯೇ ಎಂದು ವಾರಕ್ಕೊಮ್ಮೆ ನೋಡಿಕೊಳ್ಳಿ.

ಹಿರಿಯರು ಬಾಗಲಕೋಟೆಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟರು. ಒಂದೂವರೆ ತಿಂಗಳ ಮೇಲೆ ಖಾತೆಯೇನೋ ಮರಳಿ ಬಂತು. ಆದರೆ ಮೋಸ ಹೋದವರು ಬರೆದ ಬೈಗುಳ ಇನ್ನೂ ಅವರ ಹೆಸರಿನ ಕೆಳಗಿದೆ. ನಾನು ಕಳೆದುಕೊಂಡದ್ದು ಹಣ. ಅವರು ಕಳೆದುಕೊಂಡದ್ದು ಮಗ್ಗದ ಮುಂದೆ ಕೂತು ಗಳಿಸಿದ ನಂಬಿಕೆ.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ಮೂಲ ಬಂಡವಾಳ ಒಬ್ಬರನ್ನೊಬ್ಬರು ಬಲ್ಲ ಜನರ ನಂಬಿಕೆ. ಮೊಬೈಲಿನ ಪೇಟೆಯಲ್ಲಿ ಹೆಸರು ಕಾಣುತ್ತದೆ, ಮುಖ ಕಾಣುವುದಿಲ್ಲ. ದೊಡ್ಡ ಮೊತ್ತದ ಖರೀದಿಗೆ ಮುನ್ನ ಸಂಘದ ಕಛೇರಿಯಲ್ಲಿ ಒಮ್ಮೆ ವಿಚಾರಿಸಬೇಕೆಂದೂ, ಈ ವಿಷಯವನ್ನು ಮನೆಯ ಎಲ್ಲರಿಗೂ ಓದಿ ಹೇಳಬೇಕೆಂದೂ ಸದಸ್ಯರಲ್ಲಿ ವಿನಂತಿ.

— ಕಾರ್ಯದರ್ಶಿ