ಮೊದಲು ಬೀಳಲು ಕಲಿಯಿರಿ

ಹೊಸದಾಗಿ ಜೂಡೊ ಸೇರಬೇಕೆಂದಿರುವ ಮಂಗಳೂರಿನ ಓದುಗರ ಪ್ರಶ್ನೆಗಳಿಗೆ ತರಬೇತುದಾರರ ಉತ್ತರ

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕ್ ಉದ್ಯೋಗಿ. ಓಡಿ ಆಡಿ ಇಪ್ಪತ್ತು ವರ್ಷವಾಯಿತು. ಮಗಳ ಜೊತೆ ನಾನೂ ಜೂಡೊ ಸೇರುವ ಆಸೆ; ಆದರೆ ಬಿದ್ದರೇನು ಗತಿ ಎಂಬ ಹೆದರಿಕೆ. ತಡವಾಯಿತೆ?
– ಒಬ್ಬ ತಾಯಿ, ಕದ್ರಿ

ಉತ್ತರ: ತಡವಾಗಿಲ್ಲ. ನೀವು ಹೆದರುವ ಬೀಳುವಿಕೆಯೇ ಜೂಡೊದ ಮೊದಲ ಪಾಠ. ಜಪಾನಿಯಲ್ಲಿ ಅದಕ್ಕೆ ‘ಉಕೆಮಿ’ ಎನ್ನುತ್ತಾರೆ. ಮೊದಲು ಮಲಗಿ, ಆಮೇಲೆ ಕುಕ್ಕರುಗಾಲಲ್ಲಿ ಕುಳಿತು, ಕೊನೆಗೆ ನಿಂತಲ್ಲಿಂದ ಬೀಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಹಿಂದಕ್ಕೆ ಬೀಳುವಾಗ ಗಲ್ಲ ಎದೆಗೆ ಒತ್ತಿರಲಿ, ಕಣ್ಣು ನಿಮ್ಮ ಬೆಲ್ಟಿನ ಗಂಟಿನ ಮೇಲಿರಲಿ. ತಲೆ ನೆಲಕ್ಕೆ ಬಡಿಯುವುದಿಲ್ಲ. ಇಡೀ ತೋಳಿನಿಂದ ಮ್ಯಾಟಿಗೆ ಬಡಿದರೆ ಪೆಟ್ಟು ಹಂಚಿಹೋಗುತ್ತದೆ. ಕೈ ಊರಿ ತಡೆಯಲು ಹೋದರೆ ಮಣಿಕಟ್ಟು ಮುರಿದೀತು. ಆಟಿಯ ಮಳೆಗೆ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿದಾಗ ನಾವೆಲ್ಲ ಮಾಡುವ ತಪ್ಪೂ ಅದೇ. ಬೆನ್ನು, ಮಂಡಿ, ರಕ್ತದೊತ್ತಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿ, ಗುರುಗಳಿಗೂ ಮೊದಲೇ ತಿಳಿಸಿ. ಮಗಳು ನಿಮಗಿಂತ ಬೇಗ ಕಲಿಯುತ್ತಾಳೆ; ಕಲಿಯಲಿ. ನಿಮ್ಮ ಹೆಜ್ಜೆಯಲ್ಲಿ ನೀವು ಹೋಗಿ.

ಪ್ರಶ್ನೆ: 11 ವರ್ಷದ ಮಗ ಎರಡು ವರ್ಷದಿಂದ ಕರಾಟೆ ಕಲಿಯುತ್ತಿದ್ದಾನೆ. ಈಗ ಜೂಡೊ ಬೇಕೆನ್ನುತ್ತಾನೆ. ಎರಡಕ್ಕೂ ವ್ಯತ್ಯಾಸವೇನು? ಒಳ್ಳೆಯ ತರಗತಿಯನ್ನು ಗುರುತಿಸುವುದು ಹೇಗೆ?
– ಒಬ್ಬ ತಂದೆ, ಕುಲಶೇಖರ

ಉತ್ತರ: ಕರಾಟೆಯಲ್ಲಿ ಹೊಡೆತ, ಒದೆತ. ಜೂಡೊ ಪಂದ್ಯದಲ್ಲಿ ಎರಡೂ ಇಲ್ಲ. ಎದುರಾಳಿಯ ಅಂಗಿ ಹಿಡಿದು, ಸಮತೋಲ ತಪ್ಪಿಸಿ ಕೆಡವುವುದು, ಕೆಡವಿ ಅದುಮಿ ಹಿಡಿಯುವುದು. 1882ರಲ್ಲಿ ಟೋಕಿಯೊದ ಏಶೊಜಿ ದೇವಾಲಯದಲ್ಲಿ ಜೂಡೊ ಆರಂಭಿಸಿದ ಕಾನೊ ಜಿಗೊರೊ ಸಣ್ಣ ಮೈಕಟ್ಟಿನವರು. ತಳ್ಳಿ ಬರುವವನನ್ನು ಎದುರು ತಳ್ಳದೆ, ಅವನು ಬರುವ ದಿಕ್ಕಿಗೇ ಎಳೆದುಕೊಂಡರೆ ಅವನ ಬಲವೇ ಅವನನ್ನು ಕೆಡವುತ್ತದೆ. ಜೂಡೊದ ಜೀವಾಳ ಇದು.

ಸೇರಿಸುವ ಮೊದಲು ಒಂದು ಸಂಜೆ ಕುಳಿತು ನೋಡಿ. ಮ್ಯಾಟುಗಳ ನಡುವೆ ಕಾಲ್ಬೆರಳು ಸಿಕ್ಕುವಂಥ ಸಂದಿ ಇದೆಯೆ? ತೂಕ ನೋಡಿ ಜೋಡಿ ಮಾಡುತ್ತಾರೆಯೆ? ಕೈತಟ್ಟಿ ಸೋಲೊಪ್ಪಿದ ಕ್ಷಣವೇ ಹಿಡಿತ ಬಿಡುತ್ತಾರೆಯೆ? ಸೇರಿ ವಾರವಾಗದ ಮಗುವನ್ನು ‘ಒಸೊತೊ ಗಾರಿ’ಯಿಂದ, ಅಂದರೆ ಕಾಲನ್ನು ಹಿಂದಿನಿಂದ ಸವರಿ ಬೆನ್ನಡಿಯಾಗಿ ಕೆಡವುವ ಪಟ್ಟಿನಿಂದ, ಎಸೆಯುತ್ತಿದ್ದರೆ ಮಗನ ಕೈಹಿಡಿದು ಹೊರಟುಬನ್ನಿ. ಜಪಾನಿನ ಶಾಲೆಗಳಲ್ಲಿ ಜೂಡೊ ಆಡುವಾಗ ತಲೆಗೆ ಮಾರಕ ಪೆಟ್ಟಾದ ಮಕ್ಕಳಲ್ಲಿ ಹೆಚ್ಚಿನವರು ಹೊಸಬರು. ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ ಕಂಡರೆ ನೇರ ಆಸ್ಪತ್ರೆಗೆ. ವೈದ್ಯರು ಹೇಳುವವರೆಗೆ ಮ್ಯಾಟಿಗಿಳಿಯುವುದು ಬೇಡ. ತರಬೇತಿ ಎಲ್ಲಿದೆಯೆಂದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

ಪ್ರಶ್ನೆ: ಹಾಸ್ಟೆಲಿನಲ್ಲಿದ್ದೇನೆ. ಜೂಡೊ ಉಡುಪು ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಮತ್ತೆ, ನಮ್ಮ ರಾಜ್ಯದಿಂದ ಈ ಆಟದಲ್ಲಿ ಮುಂದೆ ಬಂದವರಿದ್ದಾರೆಯೆ?
– ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ‘ಜೂಡೊಗಿ’ ದಪ್ಪ ಹತ್ತಿಯ ಬಟ್ಟೆ, ಹೊಸಬರಿಗೆ ಹಗುರವಾದದ್ದು ಸಾಕು. ಒಗೆದರೆ ಕುಗ್ಗುತ್ತದೆ, ಸ್ವಲ್ಪ ದೊಡ್ಡದನ್ನೇ ಕೊಳ್ಳಿ. ಬೆವರಿದ ಉಡುಪನ್ನು ಚೀಲದಲ್ಲಿ ಬಿಡದೆ ಅಂದೇ ಒಗೆದು, ತೋಳು ಬಿಡಿಸಿ ಫ್ಯಾನಿನಡಿ ಹರಡಿ. ಮೈಗೆ ಮೈ ತಾಗುವ ಆಟವಿದು. ಒಬ್ಬರ ಹುಳುಕಡ್ಡಿ ತರಗತಿಗೆಲ್ಲ ಹಬ್ಬುತ್ತದೆ. ಚರ್ಮದಲ್ಲಿ ಉಂಗುರದಂಥ ಕಲೆ ಕಂಡರೆ ವೈದ್ಯರಿಗೆ ತೋರಿಸಿ, ವಾಸಿಯಾದ ಮೇಲೆಯೇ ಬನ್ನಿ. ಉಗುರು ಗಿಡ್ಡವಾಗಿರಲಿ; ಬಳೆ, ಓಲೆ ತೆಗೆದಿಡಿ.

ಮುಂದೆ ಬಂದವರು ಖಂಡಿತ ಇದ್ದಾರೆ. ಬೆಳಗಾವಿ ಸಮೀಪದ ತುರಮುರಿಯ ಮಲಪ್ರಭಾ ಜಾಧವ್ ಜೂಡೊ ಕಲಿತು ಬೆಳೆದವರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ಜೂಡೊವನ್ನು ಹೋಲುವ ಕುರಾಶ್‌ನ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ರಾಜ್ಯದಾಚೆ ನೋಡಿದರೆ, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಜೂಡೊದಲ್ಲಿ ಭಾರತದ ಸುಶೀಲಾ ದೇವಿ, ತೂಲಿಕಾ ಮಾನ್ ಬೆಳ್ಳಿ ತಂದರು.

ನಿಮಗೊಂದು ಮಾತು. ಜೊತೆಗಾರ್ತಿಯನ್ನು ಎಸೆಯುವಾಗ ಅವಳ ಅಂಗಿತೋಳನ್ನು, ಬೆನ್ನು ಮ್ಯಾಟು ಮುಟ್ಟುವವರೆಗೂ ಬಿಡಬೇಡಿ. ಅವಳ ತಲೆ ಕಾಯುವುದು ಆ ಹಿಡಿತ. ಮರುಗಳಿಗೆಯಲ್ಲಿ ನಿಮ್ಮ ಸರದಿ. ಆಗ ನಿಮ್ಮ ತೋಳು ಅವಳ ಕೈಯಲ್ಲಿರುತ್ತದೆ.