ತಟ್ಟುವ ಮುನ್ನ ಬಲ್ಬ್ ಹಚ್ಚಿ ನೋಡಿ

ಪ್ರಶ್ನೆ: ತಂದೆಯವರ ಕಾಲದ ಮಾರಿಸ್ ಮೈನರ್ 1000 ಕಾರನ್ನು ಈಗಲೂ ಓಡಿಸುತ್ತಿದ್ದೇನೆ. ಜಾಲಹಳ್ಳಿ ಕ್ರಾಸ್‌ನ ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾದರೆ ಫ್ಯುಯೆಲ್ ಪಂಪಿನ ಟಿಕ್‌ಟಿಕ್ ನಿಂತು ಗಾಡಿ ಆಫ್ ಆಗುತ್ತದೆ. ಸ್ಪ್ಯಾನರಿನಿಂದ ಪಂಪಿಗೆ ತಟ್ಟಿದರೆ ಮತ್ತೆ ಸ್ಟಾರ್ಟ್. ಪಂಪನ್ನೇ ಬದಲಾಯಿಸಿ ಅನ್ನುತ್ತಾರೆ ಮೆಕ್ಯಾನಿಕ್. ಏನು ಮಾಡಲಿ ಸರ್?
— ಓದುಗರು, ಬಾಗಲಗುಂಟೆ

ಉತ್ತರ: ಪಂಪನ್ನು ಈಗಲೇ ಬದಲಾಯಿಸಬೇಡಿ. ನಿಮ್ಮದು ಎಸ್‌ಯು ಎಲೆಕ್ಟ್ರಿಕ್ ಪಂಪ್. ಒಳಗಿನ ಕಾಯಿಲ್ ಡಯಾಫ್ರಾಮನ್ನು ಎಳೆಯುತ್ತದೆ. ಪೂರ್ತಿ ಎಳೆದಾಗ ಪಾಯಿಂಟ್ ಬಿಟ್ಟುಕೊಂಡು ಕರೆಂಟ್ ನಿಲ್ಲುತ್ತದೆ. ಆಗ ಸ್ಪ್ರಿಂಗ್ ಡಯಾಫ್ರಾಮನ್ನು ತಳ್ಳಿ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ಕಳಿಸುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸುಟ್ಟು ಕಪ್ಪಾದ ಪಾಯಿಂಟ್ ತಟ್ಟಿದಾಗ ಕೂಡುವುದು ನಿಜ. ಆದರೆ ಅದೇ ಪೆಟ್ಟಿಗೆ ಕಿಲುಬು ಹಿಡಿದ ವೈರಿನ ತುದಿಯೂ ಅಲುಗಿ ಸರಿಹೋದೀತು. ಎರಡರಲ್ಲಿ ಯಾವುದು ಎಂದು ತಟ್ಟುವ ಮೊದಲೇ ತಿಳಿಯಬೇಕು.

ಮಲ್ಟಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಪಂಪ್ ಕರೆಂಟ್ ಎಳೆಯದೆ ನಿಂತಾಗ ಒಂದೇ ಎಳೆಯಲ್ಲಿ ನೇತಾಡುವ ವೈರೂ 12 ವೋಲ್ಟ್ ತೋರಿಸುತ್ತದೆ. ಅದಕ್ಕೇ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಗಾಡಿಯಲ್ಲಿಟ್ಟುಕೊಳ್ಳಿ.

ಗಾಡಿ ನಿಂತ ಕೂಡಲೇ ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ, ಬಾನೆಟ್ ತೆಗೆಯಿರಿ. ಪೆಟ್ರೋಲ್ ಸೋರಿಕೆಯೋ ವಾಸನೆಯೋ ಇದ್ದರೆ ಪರೀಕ್ಷೆ ಬೇಡ. ಇಲ್ಲದಿದ್ದರೆ ಬಲ್ಬಿನ ಒಂದು ವೈರನ್ನು ಪಂಪಿನ ಟರ್ಮಿನಲ್‌ಗೆ, ಇನ್ನೊಂದನ್ನು ಪಂಪಿನ ಬಾಡಿಗೆ ಬಿಗಿಯಾಗಿ ಸಿಕ್ಕಿಸಿ ಕೀ ಆನ್ ಮಾಡಿ. ಕಿಡಿ ಹಾರಬಾರದು, ಆದ್ದರಿಂದ ಕೀ ಆನ್ ಇರುವಾಗ ವೈರ್ ಮುಟ್ಟಬೇಡಿ.

ಬಲ್ಬ್ ಪ್ರಖರವಾಗಿ ಉರಿದೂ ಪಂಪ್ ಸುಮ್ಮನಿದ್ದರೆ ದೋಷ ಪಂಪಿನೊಳಗೇ ಇದೆ. ಮೊದಲು ಪಾಯಿಂಟ್ ನೋಡಿಸಿ. ಬಲ್ಬ್ ಮಂಕಾಗಿದ್ದರೆ ಕೀ ಆಫ್ ಮಾಡಿ, ಬಾಡಿಯಲ್ಲಿದ್ದ ವೈರನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ ಕೊಡಿ. ಹಳೆಯ ಮೈನರ್‌ಗಳಲ್ಲಿ ಅದು ಪಾಸಿಟಿವ್, ಮರೆಯಬೇಡಿ. ಈಗ ಪ್ರಖರವಾದರೆ ಪಂಪಿನ ಅರ್ಥ್ ಕೆಟ್ಟಿದೆ. ಆಗಲೂ ಮಂಕಾದರೆ ಕರೆಂಟ್ ಬರುವ ದಾರಿಯಲ್ಲಿ ದೋಷವಿದೆ. ಪಂಪಿನಿಂದ ಫ್ಯೂಸ್ ಬಾಕ್ಸ್, ಇಗ್ನಿಷನ್ ಸ್ವಿಚ್‌ವರೆಗೆ ಒಂದೊಂದೇ ಜೋಡಣೆ ಬಿಚ್ಚಿ ಉಜ್ಜಿ. ವೈರಿನ ತಪ್ಪಿಗೆ ಹಳೆಯ ಅಸಲಿ ಪಂಪ್ ಗುಜರಿಗೆ ಹೋಗಬಾರದು.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯೂ ಬಿಸಿಯಾದಾಗ ಹೀಗೇ ನಿಲ್ಲುತ್ತದೆ. ಫ್ಯುಯೆಲ್ ಪಂಪಿನ ರಿಲೇ ಎಲ್ಲಿರುತ್ತದೆ?
— ಓದುಗರು, ಯಲಹಂಕ

ಉತ್ತರ: ಕಂಪನಿ ಕೊಟ್ಟ ಪೆಟ್ರೋಲ್ ಪದ್ಮಿನಿಯಲ್ಲಿ ಆ ರಿಲೇ ಇಲ್ಲ. ಅದರ 1089 ಸಿಸಿ ಎಂಜಿನ್‌ನ ಕ್ಯಾಮ್‌ಶಾಫ್ಟೇ ಪಂಪನ್ನು ಆಡಿಸುತ್ತದೆ, ವೈರಿನ ಮಾತೇ ಇಲ್ಲ. ಡಯಾಫ್ರಾಮ್, ವಾಲ್ವ್, ಬಿರುಕುಬಿಟ್ಟ ರಬ್ಬರ್ ಪೈಪ್ ನೋಡಿಸಿ. ಪೆಟ್ರೋಲಿಗೆ ಎಥನಾಲ್ ಬೆರೆಯುತ್ತಿರುವ ಈಗ ಹಳೆಯ ರಬ್ಬರ್ ಬೇಗ ಹಾಳಾಗುತ್ತದೆ. ಯಾರಾದರೂ ನಡುವೆ ಎಲೆಕ್ಟ್ರಿಕ್ ಪಂಪ್ ಕೂರಿಸಿದ್ದರೆ, ಅದಕ್ಕೆ ಪ್ರತ್ಯೇಕ ಫ್ಯೂಸ್ ಇರಲಿ. ಎಂಜಿನ್ ನಿಂತೊಡನೆ ಪಂಪೂ ನಿಲ್ಲುವ ವ್ಯವಸ್ಥೆ ಇರಲೇಬೇಕು. ಅಪಘಾತದಲ್ಲಿ ಪೈಪ್ ಕಡಿದುಹೋದರೆ ನಿಲ್ಲದ ಪಂಪ್ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.